ವೃಂದದ ನಾಲ್ಕನೆಯ ಗುಣ

ಸಂಗೀತಕ್ಕೆ ಎಷ್ಟು ಸ್ಥಳ ಬೇಕು ಎಂಬ ಪ್ರಶ್ನೆಗೆ ಒಂದೇ ಉತ್ತರವಿಲ್ಲ. ದೇವರ ಉತ್ಸವದ ನಾಗಸ್ವರಕ್ಕೆ ಬೀದಿ ಬೇಕು. ಸೈನ್ಯದ ಬ್ಯಾಂಡಿಗೆ ಮೈದಾನ ಬೇಕು. ತಾಯಿಯ ಜೋಗುಳಕ್ಕೆ ತೊಟ್ಟಿಲಿನ ಸುತ್ತಲ ಎರಡು ಮೊಳ ಸಾಕು. ಇವುಗಳ ನಡುವೆ ಮತ್ತೊಂದು ಜಾತಿಯ ಸಂಗೀತವುಂಟು. ಅದಕ್ಕೆ ಬೇಕಾದದ್ದು ಒಂದು ಕೋಣೆ, ಮೂವರು ನಾಲ್ವರು ವಾದಕರು, ಅವರ ಉಸಿರಾಟವು ಕೇಳಿಸುವಷ್ಟು ಹತ್ತಿರದಲ್ಲಿ ಕುಳಿತ ಕೆಲವರು ಶ್ರೋತೃಗಳು, ಇಷ್ಟೇ. ಯೂರೋಪಿನವರು ಅದನ್ನು ಚೇಂಬರ್ ಸಂಗೀತ, ಎಂದರೆ ಕೋಣೆಯ ಸಂಗೀತ, ಎಂದು ಕರೆದರು. ಈ ನಾಡಿನವರು ಅಂತಹ ಕೂಟವನ್ನು ಗೋಷ್ಠಿಯೆಂದರು. ಬಳಿಕ, ಲೆಕ್ಕಪತ್ರಗಳ ಕೆಲಸ ನಡೆಯುವ ಸ್ಥಾನದ ಹೆಸರನ್ನೇ ಎರವಲು ತಂದು ಕಚೇರಿಯೆಂದರು. ಹೆಸರು ಯಾವುದಾದರೂ ಆಗಲಿ, ಅದರ ಧರ್ಮವು ಒಂದೇ: ಅಲ್ಲಿ ಯಾರೂ ಗುಂಪಿನ ಮರೆಯಲ್ಲಿ ಅಡಗಿಕೊಳ್ಳಲಾರರು. ಪ್ರತಿಯೊಬ್ಬರ ಗುಣವೂ ಕೇಳಿಸುವುದು, ಪ್ರತಿಯೊಬ್ಬರ ದೋಷವೂ ಕೇಳಿಸುವುದು.

ಬೆಂಗಳೂರಿನ ದಂಡುಪ್ರದೇಶದಲ್ಲಿಯೂ ಅದರ ಪೂರ್ವದ ಹಲಸೂರು, ಇಂದಿರಾನಗರ, ದೊಮ್ಮಲೂರುಗಳಲ್ಲಿಯೂ ಈ ಬಗೆಯ ಸಂಗೀತಕ್ಕೆ ಈಗ ನೆಲೆಯುಂಟು. ಇಂದಿರಾನಗರದ ಚಿನ್ಮಯ ಮಿಷನ್ ಆಸ್ಪತ್ರೆಯ ರಸ್ತೆಯಲ್ಲಿ ಜರ್ಮನರ ಸಂಸ್ಕೃತಿಸಂಸ್ಥೆಯಾದ ಮ್ಯಾಕ್ಸ್ ಮುಲ್ಲರ್ ಭವನವಿದೆ. ದೊಮ್ಮಲೂರಿನಲ್ಲಿ, 2019ರಿಂದ ಸ್ವಂತ ಕಟ್ಟಡದಲ್ಲಿ ನಡೆಯುತ್ತಿರುವ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್ ಇದೆ. ಮೇಲೆ ಮೆಟ್ರೊ ರೈಲು ಸಾಗುವ, ಕೆಳಗೆ ಮೋಟಾರುಗಳ ಕೂಗು ನಿಲ್ಲದ ಈ ಬಡಾವಣೆಗಳ ನಡುವೆ, ಬಾಗಿಲು ಮುಚ್ಚಿದ ಒಂದು ಸಭಾಂಗಣದಲ್ಲಿ, ಒಂದು ಸಂಜೆ ಪಿಟೀಲು, ವಯೋಲಾ, ಚೆಲೊಗಳನ್ನು ಹಿಡಿದವರು ಕುಳಿತರೆ, ಇನ್ನೊಂದು ಸಂಜೆ ವೀಣೆ, ಮೃದಂಗ, ಘಟಗಳನ್ನು ಹಿಡಿದವರು ಕುಳಿತುಕೊಳ್ಳುತ್ತಾರೆ. ಅವರು ಮಾಡುವ ಕೆಲಸದಲ್ಲಿ ಸಂಗೀತಕ್ಕಿಂತಲೂ ವಿಸ್ತಾರವಾದ ಒಂದು ಪಾಠವಿರುವುದರಿಂದ ಅದನ್ನು ಕುರಿತು ವಿಚಾರಿಸುವುದು ಯುಕ್ತವಾಗಿದೆ.

ಈ ನೆರೆಹೊರೆಗೆ ಇದು ಸುಲಭವಾಗಿ ಒದಗಿದ ಭಾಗ್ಯವಲ್ಲ. 1809ರಲ್ಲಿ ಇಂಗ್ಲಿಷರ ಸೈನ್ಯವು ಶ್ರೀರಂಗಪಟ್ಟಣವನ್ನು ಬಿಟ್ಟು ಬಂದು ಹಲಸೂರಿನ ಬಳಿ ನೆಲೆಯೂರಿದಾಗ, ಸೋಮೇಶ್ವರನ ಗುಡಿಯು ಅಲ್ಲಿ ಆಗಲೇ ಬಹು ಪುರಾತನವಾಗಿದ್ದಿತು. ಗುಡಿಯ ಕಡೆಯಲ್ಲಿ ಓಲಗ, ದಂಡಿನ ಕಡೆಯಲ್ಲಿ ಬ್ಯಾಂಡು. ಇತ್ತ ಭಜನೆ, ಅತ್ತ ಚರ್ಚಿನ ಆರ್ಗನ್ನು. ಎರಡು ನಾದಗಳೂ ಒಂದೇ ಗಾಳಿಯಲ್ಲಿ ಸಂಚರಿಸುತ್ತಿದ್ದರೂ, ಒಂದರ ಬಾಗಿಲಿನಲ್ಲಿ ನಿಂತು ಇನ್ನೊಂದು ಕಿವಿಗೊಟ್ಟದ್ದು ಅಪರೂಪ. ಆ ಕಾಲದಲ್ಲಿ ಗೋಡೆಯನ್ನು ದಾಟಿ ಬಂದ ವಾದ್ಯವೊಂದೇ, ಪಿಟೀಲು. ಅದೂ ದಾಟಿದ್ದು ಇಲ್ಲಿ ಅಲ್ಲ, ಮದರಾಸಿನಲ್ಲಿ. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರು ಅದನ್ನು ಯೂರೋಪಿಯನರೊಬ್ಬರಿಂದ ಕಲಿತು, ನೆಲದ ಮೇಲೆ ಕುಳಿತು ನುಡಿಸುವ ಕರ್ಣಾಟಕ ಸಂಗೀತದ ವಾದ್ಯವನ್ನಾಗಿ ಮಾಡಿಕೊಂಡರು. ಪರಸ್ಥಳದ ವಾದ್ಯವು ಮನೆಯದಾಗಬೇಕಾದರೆ ಆರ್ಭಟದ ಮೈದಾನದಿಂದ ಅದು ಕೋಣೆಗೆ ಬರಬೇಕು ಎಂಬುದಕ್ಕೆ ಇದೇ ನಿದರ್ಶನ.

ಪಾಶ್ಚಾತ್ಯರ ಕೋಣೆಯ ಸಂಗೀತದಲ್ಲಿ ಶ್ರೇಷ್ಠವೆನಿಸಿದ್ದು ನಾಲ್ಕು ತಂತಿವಾದ್ಯಗಳ ಕೂಟ: ಎರಡು ಪಿಟೀಲುಗಳು, ಒಂದು ವಯೋಲಾ, ಒಂದು ಚೆಲೊ. ಇದಕ್ಕೆ ನೆಲೆಯಾದ ರೂಪವನ್ನು ಕೊಟ್ಟ ಕೀರ್ತಿಯು ಆಸ್ಟ್ರಿಯಾದ ಜೋಸೆಫ್ ಹೇಡನ್‌ಗೆ ಸಲ್ಲುತ್ತದೆ. ಬೆಂಗಳೂರಿನಲ್ಲಿ ದಂಡು ನೆಲೆಗೊಂಡ 1809ನೆಯ ವರ್ಷವೇ ಆತನು ತೀರಿಕೊಂಡ ವರ್ಷವೂ ಹೌದು. ಈ ಕೂಟಕ್ಕೆ ಕೋಲು ಬೀಸಿ ನಡೆಸುವ ನಾಯಕನಿಲ್ಲ. ಪ್ರತಿಯೊಬ್ಬರ ಮುಂದಿರುವ ಹಾಳೆಯಲ್ಲಿ ಸಾಮಾನ್ಯವಾಗಿ ಅವರವರ ಭಾಗ ಮಾತ್ರ ಬರೆದಿರುತ್ತದೆ. ಉಳಿದ ಮೂವರು ಏನು ಮಾಡುತ್ತಿರುವರೆಂಬುದನ್ನು ಕಣ್ಣಿನಿಂದಲ್ಲ, ಕಿವಿಯಿಂದಲೇ ತಿಳಿಯಬೇಕು. ಆರಂಭಕ್ಕೆ ಸಂಜ್ಞೆಯೆಂದರೆ ಒಬ್ಬರು ಉಸಿರನ್ನು ಒಳಕ್ಕೆ ಎಳೆದುಕೊಳ್ಳುವುದು, ಕಮಾನನ್ನು ಒಂದು ಅಂಗುಲ ಎತ್ತುವುದು, ಅಷ್ಟೇ. ಈ ವಾದ್ಯಗಳಿಗೆ ವೀಣೆಯಂತೆ ಮೆಟ್ಟಿಲುಗಳಿಲ್ಲವಾದ್ದರಿಂದ ಸ್ವರಸ್ಥಾನವೂ ಪರಸ್ಪರ ಒಪ್ಪಂದದ ವಿಷಯವೇ. ಚೆಲೊ ಕೂದಲೆಳೆಯಷ್ಟು ಇಳಿದರೆ ಉಳಿದವರು, ತಾವು ಶುದ್ಧವೆಂದು ಹಟಹಿಡಿಯದೆ, ಅದರೊಡನೆ ಕೂಡಿಕೊಳ್ಳುವರು. ಏಕಾಕಿಯಾಗಿ ಶುದ್ಧನಾಗಿ ಉಳಿದವನು ಕೂಟದಲ್ಲಿ ಅಪಶ್ರುತಿಯೇ ಆಗುತ್ತಾನೆ.

ಇದನ್ನು ನೋಡಿದ ಪಂಡಿತರಿಗೆ ಒಂದು ಹಳೆಯ ಗ್ರಂಥವು ನೆನಪಿಗೆ ಬಾರದಿರದು. 13ನೆಯ ಶತಮಾನದಲ್ಲಿ ದೇವಗಿರಿಯ ಯಾದವರಾಜನಾದ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ಸಂಗೀತರತ್ನಾಕರದಲ್ಲಿ ವೃಂದ, ಎಂದರೆ ಗಾಯಕವಾದಕರ ಸಮೂಹ, ಎಂಬುದನ್ನು ವಿವರಿಸಿದ್ದಾನೆ. ಉತ್ತಮವೃಂದಕ್ಕೆ 4 ಮಂದಿ ಮುಖ್ಯಗಾಯಕರು, 8 ಮಂದಿ ಸಮಗಾಯಕರು, 12 ಮಂದಿ ಗಾಯನಿಯರು, 4 ಮಂದಿ ಕೊಳಲಿನವರು, 4 ಮಂದಿ ಮೃದಂಗದವರು. ಮಧ್ಯಮಕ್ಕೆ ಇದರ ಅರ್ಧ. ಕನಿಷ್ಠವು ಅದಕ್ಕಿಂತಲೂ ಕಿರಿದು. ಉತ್ತಮವನ್ನು ಮೀರಿ ಬೆಳೆದ ವೃಂದಕ್ಕೆ ಆತನು ಕೊಟ್ಟ ಹೆಸರು ಕೋಲಾಹಲವೆಂದು. ಇಂದು ಕೋಲಾಹಲವೆಂದರೆ ಗದ್ದಲವೆಂದೇ ಅರ್ಥ. ಜನರ ಸಂಖ್ಯೆಗೆ ಒಂದು ಮಿತಿಯುಂಟು, ಅದರಾಚೆಗೆ ಸಂಗೀತವು ತನ್ನ ಹೆಸರನ್ನೇ ಬದಲಾಯಿಸಿಕೊಳ್ಳುತ್ತದೆ ಎಂಬ ಸೂಚನೆಯು ಎಷ್ಟು ಸ್ವಾರಸ್ಯವಾಗಿದೆ!

ಅದೇ ಗ್ರಂಥಕಾರನು ವೃಂದಕ್ಕೆ ಆರು ಗುಣಗಳನ್ನು ಹೇಳುತ್ತಾನೆ. ಮುಖ್ಯನನ್ನು ಅನುಸರಿಸುವುದು ಮೊದಲನೆಯದು. ಪರಸ್ಪರ ಮಿಲನವು ಎರಡನೆಯದು. ತಾಳದಲ್ಲಿ ಲೀನವಾಗಿ ನಡೆಯುವುದು ಮೂರನೆಯದು. ಮಂದ್ರ, ಮಧ್ಯ, ತಾರ ಎಂಬ ಮೂರು ಸ್ಥಾನಗಳಲ್ಲಿಯೂ ವ್ಯಾಪಿಸುವ ಶಕ್ತಿಯು ಐದನೆಯದು. ಧ್ವನಿಗಳ ಸಾದೃಶ್ಯವು ಆರನೆಯದು. ಇವೆಲ್ಲವೂ ಯಾವ ಉಪಾಧ್ಯಾಯರಾದರೂ ಹೇಳಬಹುದಾದ ಗುಣಗಳೇ. ಆದರೆ ಇವುಗಳ ನಡುವೆ ನಾಲ್ಕನೆಯ ಸ್ಥಾನದಲ್ಲಿ ಆತನು ಇರಿಸಿರುವುದು, ಒಬ್ಬರ ತ್ರುಟಿಯನ್ನು ಇನ್ನೊಬ್ಬರು ನಿರ್ವಹಿಸುವುದು ಎಂಬ ಗುಣ. ತ್ರುಟಿತವೆಂದರೆ ಕಡಿದುಹೋದದ್ದು. ಹಾಡುವವನ ಉಸಿರು ಕಡಿಯಬಹುದು, ಜ್ಞಾಪಕವು ಕಡಿಯಬಹುದು, ತಂತಿಯೇ ಕಡಿಯಬಹುದು. ಆಗ ಪಕ್ಕದವನು ಆ ಎಳೆಯನ್ನು ನೆಲಕ್ಕೆ ಬೀಳಗೊಡದೆ ಹಿಡಿದುಕೊಂಡು, ಹಿಡಿದೆನೆಂದು ತೋರಿಸಿಕೊಳ್ಳದೆ, ಮತ್ತೆ ಅವನ ಕೈಗೆ ಕೊಡಬೇಕು. ಶಾಸ್ತ್ರಕಾರನು ದೋಷವೇ ಇಲ್ಲದ ವೃಂದವನ್ನು ಉತ್ತಮವೆನ್ನಲಿಲ್ಲ. ದೋಷವು ಬರುವುದೆಂದು ತಿಳಿದು, ಅದನ್ನು ಹೊರಬಲ್ಲ ವೃಂದವನ್ನು ಗುಣವುಳ್ಳದ್ದೆಂದನು. ಇದರಲ್ಲಿ ಎಷ್ಟು ಲೋಕಾನುಭವವಿದೆ ಎಂಬುದನ್ನು ಸಂಸಾರದ ಭಾರವನ್ನು ಹೊತ್ತ ವಾಚಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಕರ್ಣಾಟಕ ಸಂಗೀತದ ಕಚೇರಿಯೂ ಈ ಗುಣದಿಂದಲೇ ಬದುಕುತ್ತದೆ. ಗಾಯಕರು ಸ್ವರಕಲ್ಪನೆಯ ಉತ್ಸಾಹದಲ್ಲಿ ಎಡುಪಿಗೆ ಒಂದು ಅಕ್ಷರ ಮುಂಚಿತವಾಗಿ ಬಂದುಬಿಟ್ಟರೆಂದು ಭಾವಿಸೋಣ. ಮೃದಂಗದವರಿಗೆ ಲೆಕ್ಕವು ಸರಿಯಾಗಿ ತಿಳಿದಿದೆ. ತಮ್ಮ ಲೆಕ್ಕವೇ ಸರಿಯೆಂದು ಅವರು ಘಟ್ಟಿಯಾಗಿ ಒಂದು ಪೆಟ್ಟು ಕೊಟ್ಟರೆ ಸಭೆಗೆಲ್ಲ ತಪ್ಪು ತಿಳಿಯುವುದು. ಮೃದಂಗದವರ ಪಾಂಡಿತ್ಯವೂ ತಿಳಿಯುವುದು. ಯೋಗ್ಯರಾದವರು ಹಾಗೆ ಮಾಡುವುದಿಲ್ಲ. ನಡೆಯನ್ನು ಮೆತ್ತಗೆ ಮಾಡಿ, ಪಿಟೀಲಿನವರು ಆ ಸ್ವರವನ್ನು ಒಂದು ಕ್ಷಣ ಎಳೆದು ಹಿಡಿಯುವಷ್ಟರಲ್ಲಿ, ಮುಂದಿನ ಆವರ್ತದ ಬಾಗಿಲಿಗೆ ಗಾಯಕರನ್ನು ತಂದು ನಿಲ್ಲಿಸುತ್ತಾರೆ. ಸಭೆಯು ಚಪ್ಪಾಳೆ ತಟ್ಟುವುದು ಗಾಯಕರಿಗೆ. ಪಕ್ಕವಾದ್ಯದವರಿಗೆ ದೊರೆಯುವ ಪ್ರತಿಫಲವೆಂದರೆ ಗಾಯಕರು ಅವರ ಕಡೆಗೆ ಬೀರಿದ ಒಂದು ನೋಟ. ಅದೂ ಎಲ್ಲ ಸಲ ದೊರೆಯುವುದಿಲ್ಲ.

ಇಲ್ಲಿಯೇ ಈ ನಾಡಿನ ಗೋಷ್ಠಿಗಳ ಕೊರತೆಯನ್ನೂ ಹೇಳಬೇಕಾಗುತ್ತದೆ. ತ್ರುಟಿಯನ್ನು ಹೊರುವ ಭಾರವು ಪರಸ್ಪರವಾಗಿರಬೇಕೆಂದು ಶಾಸ್ತ್ರವು ಹೇಳಿದರೆ, ಆಚಾರವು ಅದನ್ನು ಕೆಳಗಿನವರ ಹೆಗಲಿಗೇ ಹೇರಿತು. ವೇದಿಕೆಯ ಮೇಲೆ ಮುಖ್ಯಸ್ಥಾನ, ಪಕ್ಕದ ಸ್ಥಾನ, ಉಪಪಕ್ಕದ ಸ್ಥಾನವೆಂಬ ಮೆಟ್ಟಿಲುಗಳು ಹುಟ್ಟಿಕೊಂಡವು. ಘಟ, ಖಂಜಿರ, ಮೋರ್ಚಿಂಗುಗಳು ಕೊನೆಯ ಮೆಟ್ಟಿಲಿನವು. ಘಟವನ್ನು ಹಿಡಿದವರು ಹೆಂಗಸರಾದರಂತೂ ಆ ಮೆಟ್ಟಿಲೂ ತಪ್ಪಿಹೋಗುತ್ತಿತ್ತು.

ಬೆಂಗಳೂರಿನಲ್ಲಿ ನೆಲೆಸಿದ ಘಟವಿದುಷಿ ಶ್ರೀಮತಿ ಸುಕನ್ಯಾ ರಾಮಗೋಪಾಲ್ ಅವರ ಜೀವನವು ಇದಕ್ಕೆ ಸಾಕ್ಷಿ. 1957ರಲ್ಲಿ ತಮಿಳುನಾಡಿನಲ್ಲಿ ಜನಿಸಿದ ಅವರು ಮದರಾಸಿನಲ್ಲಿ ಹರಿಹರ ಶರ್ಮರ ವಿದ್ಯಾಲಯದಲ್ಲಿ ಮೃದಂಗವನ್ನು ಕಲಿಯುತ್ತಿದ್ದಾಗ ಅವರ ಮನಸ್ಸು ಘಟದ ಮೇಲೆ ನೆಟ್ಟಿತು. ಶರ್ಮರ ಪುತ್ರರೂ ಪ್ರಸಿದ್ಧ ಘಟವಾದಕರೂ ಆದ ವಿಕ್ಕು ವಿನಾಯಕರಾಮ್ ಅವರು, ಹೆಣ್ಣುಮಗಳ ಕೈಗೆ ಘಟವು ಕಠಿಣವಾದೀತೆಂದು ಸಂದೇಹಪಟ್ಟರಂತೆ. ಆ ಸಂದೇಹಕ್ಕೆ ಕಾರಣವಿಲ್ಲದಿರಲಿಲ್ಲ. ಘಟವು ಸುಟ್ಟ ಮಣ್ಣು. ಚರ್ಮದಂತೆ ಅದು ಬೆರಳಿಗೆ ಬಗ್ಗುವುದಿಲ್ಲ. ಮಾನಾಮದುರೈಯ ಘಟಗಳಂತೂ ಬಹು ತೂಕದವು. ಆದರೂ ಮಗನು ವಿದೇಶದಲ್ಲಿದ್ದ ಕಾಲದಲ್ಲಿ ವೃದ್ಧರಾದ ಶರ್ಮರೇ ಆಕೆಗೆ ಪಾಠ ಹೇಳಿ ತಯಾರು ಮಾಡಿದರು. ಬಳಿಕ ವಿನಾಯಕರಾಮ್ ಅವರೂ ಆಕೆಯ ಯೋಗ್ಯತೆಯನ್ನು ಮೆಚ್ಚಿ ಗುರುಗಳಾದರು. ಶಿಷ್ಯೆಯ ಅನುಮಾನವನ್ನು ಹಿರಿಯ ಗುರುವೊಬ್ಬರು ತಮ್ಮ ಹೊಣೆಯಾಗಿ ಹೊತ್ತರು. ಇದೂ ಒಂದು ಬಗೆಯ ತ್ರುಟಿನಿರ್ವಾಹವೇ.

ವಿದ್ಯೆಯು ಕೈಗೂಡಿದ ಮೇಲೆ ಕಷ್ಟವು ಬೇರೆ ಕಡೆಯಿಂದ ಬಂದಿತು. ಸ್ತ್ರೀಯ ಪಕ್ಕದಲ್ಲಿ ಕುಳಿತು ನುಡಿಸಲಾರೆವೆಂದು ಮೃದಂಗದ ಕೆಲವರು ನಿರಾಕರಿಸಿದುದನ್ನೂ, ಅದರಿಂದ ಒಪ್ಪಿದ ಕಚೇರಿಗಳು ಕೈತಪ್ಪಿದುದನ್ನೂ ಅವರು ಬಹಿರಂಗವಾಗಿ ಹೇಳಿದ್ದಾರೆ. ಇಂತಹ ಸಂದರ್ಭದಲ್ಲಿ ಮನುಷ್ಯರು ಸಾಮಾನ್ಯವಾಗಿ ಹಿಡಿಯುವ ದಾರಿಗಳು ಎರಡು: ಜಗಳವಾಡುವುದು, ಇಲ್ಲವೆ ವಾದ್ಯವನ್ನು ಮೂಲೆಗಿಡುವುದು. ಅವರು ಮೂರನೆಯದನ್ನು ಹಿಡಿದರು. ಘಟದ ಶ್ರುತಿಯು ಆವಿಗೆಯ ಬೆಂಕಿಯಲ್ಲಿಯೇ ನಿಶ್ಚಯವಾಗಿಬಿಡುತ್ತದೆ. ಮೃದಂಗದಂತೆ ಬಾರನ್ನು ಬಿಗಿದು ಸಡಿಲಿಸಿ ಅದನ್ನು ಬದಲಾಯಿಸಲಾಗದು. ಇದು ವಾದ್ಯದ ಕೊರತೆ. ಈ ಕೊರತೆಯನ್ನೇ ಗುಣವನ್ನಾಗಿ ತಿರುಗಿಸಿ, ಬೇರೆ ಬೇರೆ ಶ್ರುತಿಯ ಹಲವು ಘಟಗಳನ್ನು ಸಾಲಾಗಿ ಇರಿಸಿಕೊಂಡು, ಘಟತರಂಗವೆಂಬ ರೀತಿಯಲ್ಲಿ ಅವುಗಳಿಂದ ರಾಗವನ್ನೂ ನುಡಿಸಿದರು. 1995ರ ವೇಳೆಗೆ, ತಂತಿವಾದ್ಯ, ಮೃದಂಗ, ಮೋರ್ಚಿಂಗುಗಳೊಡನೆ ಸ್ತ್ರೀಯರೇ ಸೇರಿದ ಸ್ತ್ರೀತಾಳತರಂಗವೆಂಬ ವೃಂದವನ್ನು ಕಟ್ಟಿದರು. ಕೊನೆಯ ಮೆಟ್ಟಿಲಿನ ವಾದ್ಯವು ಅಲ್ಲಿ ನಡುವಿನ ಸ್ಥಾನಕ್ಕೆ ಬಂದಿತು. 2014ನೆಯ ಸಾಲಿನ ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿಯು ಅವರಿಗೆ ಸಂದಿತು. ಮನ್ನಣೆಯು ತಡವಾಗಿ ಬಂದಿತೆಂದು ಕೆಲವರು ಹೇಳುವರು. ಅದಕ್ಕಿಂತಲೂ ಯೋಚಿಸತಕ್ಕ ಸಂಗತಿಯೆಂದರೆ, ಒಂದು ವೃಂದವು ಒಬ್ಬರಿಗೆ ಸ್ಥಳವನ್ನು ನಿರಾಕರಿಸಿದಾಗ ಕೆಟ್ಟುಹೋದದ್ದು ಆ ವ್ಯಕ್ತಿಯ ಸಂಗೀತವಲ್ಲ, ಆ ವೃಂದದ ಗುಣ.

ಒಂದೇ ಸಂಪ್ರದಾಯದೊಳಗೆ ಹೀಗಾದರೆ, ಎರಡು ಸಂಪ್ರದಾಯಗಳು ಒಂದೇ ಜಮಖಾನೆಯ ಮೇಲೆ ಕುಳಿತಾಗ ಏನಾಗುವುದು? ಇದಕ್ಕೂ ಬೆಂಗಳೂರಿನಲ್ಲಿಯೇ ಉತ್ತರವುಂಟು. ಮೃದಂಗವಿದ್ವಾನ್ ಟಿ. ಎ. ಎಸ್. ಮಣಿ ಅವರು 1964ರಲ್ಲಿ ಈ ನಗರದಲ್ಲಿ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಎಂಬ ತಾಳವಾದ್ಯಗಳ ಶಾಲೆಯನ್ನು ಸ್ಥಾಪಿಸಿದರು. ಅವರೂ ಗಾಯಕಿಯಾದ ಅವರ ಪತ್ನಿ ಶ್ರೀಮತಿ ಆರ್. ಎ. ರಮಾಮಣಿ ಅವರೂ ತಮ್ಮ ಸಂಗಡಿಗರೊಡನೆ ಜರ್ಮನಿಯ ಸಂಗೀತಗಾರರ ಜೊತೆಯಲ್ಲಿ ನುಡಿಸಿದರು. ಅಮೆರಿಕದ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಅವರೊಡನೆ 1983ರಲ್ಲಿ ಜ್ಯೋತಿ ಎಂಬ ಧ್ವನಿಮುದ್ರಿಕೆಯನ್ನು ಮಾಡಿದರು. ಮರಿಯಾನೊ ಅವರು ಸ್ವತಃ ನಾಗಸ್ವರವನ್ನೂ ಅಭ್ಯಾಸ ಮಾಡಿದ್ದವರು. ಇಂತಹ ಮಿಶ್ರಣವನ್ನು ಕಂಡರೆ ಮಡಿವಂತರಾದ ರಸಿಕರು ಮುಖ ಸಿಂಡರಿಸುವುದುಂಟು. ಅವರ ಶಂಕೆಯು ಎಲ್ಲ ಕಡೆಯಲ್ಲಿಯೂ ನಿರಾಧಾರವಲ್ಲ. ಎರಡು ಭಾಷೆಗಳನ್ನು ಅರ್ಧರ್ಧ ಬಲ್ಲವರು ಕೂಡಿದರೆ ಉಂಟಾಗುವುದು ಸಂಭಾಷಣೆಯಲ್ಲ, ಸಂತೆಯ ಗದ್ದಲ. ಆದರೆ ತನ್ನ ಭಾಷೆಯನ್ನು ಪೂರ್ಣವಾಗಿ ಬಲ್ಲವನು ಇನ್ನೊಬ್ಬನ ಮಾತು ಮುಗಿಯುವವರೆಗೆ ಕಾದು ಕೇಳುವುದಾದರೆ, ಅಲ್ಲಿ ವೃಂದವು ಹುಟ್ಟುತ್ತದೆ. ತಾಳಗಳ ಲೆಕ್ಕವನ್ನು ಅರಿಯದ ಅತಿಥಿಯು ಎಡವಿದಾಗ ಮೃದಂಗವು ಅವನನ್ನು ಹಿಡಿಯಬೇಕು. ಸ್ವರಸಮೂಹಗಳ ಮೇಲಿನ ಅವನ ನಡಿಗೆಯಲ್ಲಿ ಗಾಯಕಿಯು ದಾರಿ ತಪ್ಪಿದರೆ ಅತಿಥಿಯು ಹಿಡಿಯಬೇಕು. ಒಂದು ಕಡೆಯವರೇ ಯಾವಾಗಲೂ ಹಿಡಿಯುತ್ತಿದ್ದರೆ ಅದು ಆತಿಥ್ಯವಾದೀತು, ವೃಂದವಾಗದು.

ಇಂದು ಈ ಗುಣಕ್ಕೆ ಬಂದಿರುವ ದೊಡ್ಡ ಕಂಟಕವು ದ್ವೇಷವಲ್ಲ, ಯಂತ್ರ. ಧ್ವನಿವರ್ಧಕವಿಲ್ಲದ ಕಾಲದಲ್ಲಿ ಕೊನೆಯ ಸಾಲಿಗೆ ಕೇಳಿಸಬೇಕೆಂಬ ಚಿಂತೆಯಿಂದ ಮೈಸೂರಿನ ಟಿ. ಚೌಡಯ್ಯನವರು ಏಳು ತಂತಿಗಳ ಪಿಟೀಲನ್ನು ಕಂಡುಹಿಡಿದರು. ವಾದಕನು ವಾದ್ಯದೊಳಗಿನಿಂದಲೇ ತೆಗೆದ ಉತ್ತರವದು. ಈಗ ಪ್ರತಿಯೊಬ್ಬರ ಮುಂದೆಯೂ ಒಂದೊಂದು ಮೈಕು, ಪ್ರತಿಯೊಬ್ಬರ ಪಕ್ಕದಲ್ಲಿಯೂ ತಮ್ಮ ಧ್ವನಿಯು ತಮಗೇ ಕೇಳಿಸುವ ಪೆಟ್ಟಿಗೆ. ಮೃದಂಗವು ಜೋರಾಯಿತೆಂದು ಗಾಯಕರು ಮೃದಂಗದವರಿಗೆ ಸನ್ನೆ ಮಾಡುವುದಿಲ್ಲ. ಸಭೆಯ ಹಿಂದೆ ಗುಂಡಿಗಳನ್ನು ತಿರುಗಿಸುತ್ತ ಕುಳಿತವನಿಗೆ ಸನ್ನೆ ಮಾಡುತ್ತಾರೆ. ನಾಲ್ವರ ನಡುವಣ ಒಪ್ಪಂದವು ಐದನೆಯವನ ಕೈಗೆ ಹೋಯಿತು. ದೊಡ್ಡ ಸಭೆಗೆ ಇದು ಅನಿವಾರ್ಯವೆಂಬುದು ನಿಜ. ಸಾವಿರ ಜನರು ಕೇಳಬಾರದೆಂದು ಯಾರೂ ಹೇಳಲಾರರು. ಆದರೆ ಮೂವತ್ತು ಮಂದಿ ಕುಳಿತ ಕೋಣೆಯಲ್ಲಿಯೂ ಮೈಕನ್ನು ತೆಗೆಯಲು ಧೈರ್ಯವಾಗದಿದ್ದರೆ, ವಾದಕರು ಪರಸ್ಪರ ಕೇಳಿಸಿಕೊಳ್ಳುವ ಅಭ್ಯಾಸವನ್ನೇ ಕಳೆದುಕೊಳ್ಳುತ್ತಿದ್ದಾರೆಂದು ತಿಳಿಯಬೇಕು. ಇಂದಿರಾನಗರ ದೊಮ್ಮಲೂರುಗಳ ಸಭಾಂಗಣಗಳಿಗೆ ಬರುವ ತಂತಿವಾದ್ಯದ ಕೂಟಗಳಿಂದ ಕಚೇರಿಯವರು ಕಲಿಯಬಹುದಾದ ಪಾಠವೊಂದಿದ್ದರೆ ಅದು ಇದೇ. ಮೈಕಿಲ್ಲದೆ ನುಡಿಸುವ ಆ ನಾಲ್ವರಲ್ಲಿ ಒಬ್ಬರು ಮೆತ್ತಗಾದಾಗ ಉಳಿದ ಮೂವರೂ ಮೆತ್ತಗಾಗುತ್ತಾರೆ.

ಇನ್ನು ಶ್ರೋತೃಗಳ ಪಾಲು. ಮೈಸೂರಿನ ಮಹಾರಾಜರಾಗಿದ್ದ ಶ್ರೀ ಜಯಚಾಮರಾಜೇಂದ್ರ ಒಡೆಯರವರು ಕರ್ಣಾಟಕ ಸಂಗೀತದಲ್ಲಿ 94 ಕೃತಿಗಳನ್ನು ರಚಿಸಿದ ವಾಗ್ಗೇಯಕಾರರು, ಪಿಯಾನೊವನ್ನೂ ಬಲ್ಲವರು. ರಷ್ಯದಿಂದ ಹೊರಟುಬಂದು ಲಂಡನ್ನಿನಲ್ಲಿ ನೆಲೆಸಿ, ಮುಪ್ಪಿನಲ್ಲಿ ಲೋಕದಿಂದ ಮರೆಯಾಗಿದ್ದ ನಿಕೊಲಾಯ್ ಮೆಟ್ನರ್ ಎಂಬ ರಚನಕಾರನ ಕೃತಿಗಳನ್ನು ಅವರು ಕೇಳಿ ಮೆಚ್ಚಿ, 1940ರ ದಶಕದ ಕೊನೆಯಲ್ಲಿ, ಅವು ಧ್ವನಿಮುದ್ರಿತವಾಗುವಂತೆ ಒಂದು ಸಂಘವನ್ನೇ ಸ್ಥಾಪಿಸಿ ದ್ರವ್ಯವನ್ನೊದಗಿಸಿದರು. ಪಿಯಾನೊ ಮತ್ತು ನಾಲ್ಕು ತಂತಿವಾದ್ಯಗಳಿಗಾಗಿ ಯೌವನದಲ್ಲಿ ಆರಂಭಿಸಿದ ಒಂದು ಕೃತಿಯನ್ನು ಮೆಟ್ನರ್ ಪೂರ್ಣಗೊಳಿಸಿದ್ದು 1949ರಲ್ಲಿ; 1951ರಲ್ಲಿ ಆತನು ಕಾಲವಾದನು. ನಲವತ್ತಕ್ಕೂ ಹೆಚ್ಚು ವರ್ಷಗಳ ಕಾಲ ಐವರ ವೃಂದವೊಂದನ್ನು ಮನಸ್ಸಿನಲ್ಲಿ ಹೊತ್ತಿದ್ದವನಿಗೆ, ಕಡಿದುಹೋಗಲಿದ್ದ ಎಳೆಯನ್ನು ಸಾವಿರಾರು ಮೈಲಿಗಳ ದೂರದಿಂದ ಒಬ್ಬ ಶ್ರೋತೃ ಹಿಡಿದುಕೊಟ್ಟರು.

ಎಲ್ಲರೂ ಮಹಾರಾಜರಲ್ಲ. ಆದರೆ ಮನೆಯಲ್ಲಿ ಶುಭಕಾರ್ಯವಾದಾಗ ಗಾಯಕರನ್ನು ಕರೆಸುವ ಗೃಹಸ್ಥರು ಅನೇಕರಿದ್ದಾರೆ. ಆಹ್ವಾನಪತ್ರಿಕೆಯಲ್ಲಿ ಗಾಯಕರ ಹೆಸರು ದಪ್ಪಕ್ಷರದಲ್ಲಿ, ಪಿಟೀಲು ಮೃದಂಗಗಳವರ ಹೆಸರು ಸಣ್ಣಕ್ಷರದಲ್ಲಿ ಅಚ್ಚಾಗುತ್ತವೆ. ಘಟದವರ ಹೆಸರು ಬಹುಮಟ್ಟಿಗೆ ಇರುವುದೇ ಇಲ್ಲ. ಸಂಭಾವನೆಯ ಲಕೋಟೆಯ ಗಾತ್ರವೂ ಅದೇ ಕ್ರಮದಲ್ಲಿ ಕಿರಿದಾಗುತ್ತ ಹೋಗುತ್ತದೆ. ಇವರಲ್ಲಿ ಅನೇಕರು ಹಗಲೆಲ್ಲ ಮಕ್ಕಳಿಗೆ ಪಾಠ ಹೇಳಿಯೋ, ಉದ್ಯೋಗದಲ್ಲಿ ದುಡಿದೋ, ರಾತ್ರಿಯಲ್ಲಿ ಅಭ್ಯಾಸ ಮಾಡಿಕೊಂಡು, ವಾದ್ಯವನ್ನು ಹೊತ್ತು ಹಲಸೂರಿನಿಂದ ಕೃಷ್ಣರಾಜಪುರದವರೆಗೂ ತಿರುಗುವವರು. ಅವರ ಹೆಸರನ್ನು ಕೇಳಿ ತಿಳಿದು ಅದನ್ನೂ ಅಚ್ಚು ಹಾಕಿಸುವುದಕ್ಕೆ, ಹಜಾರದಲ್ಲಿ ಮೈಕಿಲ್ಲದೆ ಒಂದು ಗಂಟೆಯ ಕಾಲ ನುಡಿಸಿರೆಂದು ಕೇಳಿಕೊಳ್ಳುವುದಕ್ಕೆ, ಬಾಗಿಲು ಮುಚ್ಚಿ ಫೋನನ್ನು ದೂರವಿಟ್ಟು ಕೊನೆಯವರೆಗೆ ಕುಳಿತಿರುವುದಕ್ಕೆ ಹೆಚ್ಚಿನ ಐಶ್ವರ್ಯವೇನೂ ಬೇಡ. ವೃಂದದಲ್ಲಿ ಯಾರು ಯಾರ ತ್ರುಟಿಯನ್ನು ಯಾವಾಗ ಹೊತ್ತರೆಂಬುದನ್ನು ಗುರುತಿಸಬಲ್ಲ ಒಂದು ಕಿವಿಯು ಆ ಕೋಣೆಯಲ್ಲಿದ್ದರೆ, ಘಟದವರು ಅಂದು ನುಡಿಸುವ ರೀತಿಯೇ ಬೇರೆಯಾಗಿರುತ್ತದೆ.